ಸಮುದ್ರಕ್ಕೆ ಬಿಟ್ಟ ತತ್ತಿ

ಮಲ್ಪೆಗೆ ಬಂದ ಮೊದಲ ದಿನ ಒಂದು ದೋಣಿ ಕಂಡು ದಂಗಾದೆ. ಬೆಳಿಗ್ಗೆ ಗೂಟಕ್ಕೆ ಕಟ್ಟಿದಾಗ ಪೂರ್ವಕ್ಕೆ ಮುಖ ಮಾಡಿತ್ತು; ಊಟ ಮುಗಿಸಿ ಬರುವಷ್ಟರಲ್ಲಿ ಪಶ್ಚಿಮಕ್ಕೆ ತಿರುಗಿ ನಿಂತಿತ್ತು. ಯಾರೂ ಮುಟ್ಟಿರಲಿಲ್ಲ. ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವಲ್ಲಿ, ಉಬ್ಬರ ಬಂದಾಗ ನೀರು ಹಿಂದಕ್ಕೂ ಹರಿಯುತ್ತದೆ. ನಮ್ಮೂರಿನ ಭೀಮಾ ಹೊಳೆ ಒಂದು ದಿನವೂ ಹೀಗೆ ಮಾಡಿದ್ದನ್ನು ನಾನು ಕಂಡಿಲ್ಲ.

ಭೀಮಾ ದಂಡೆಯ ಸೊನ್ನದಲ್ಲಿ ಮೀನು ಕೊಂಡು, ಅಫಜಲಪುರದ ಸಂತೆಯಲ್ಲಿ ಮಾರಿ ಬದುಕಿದವನು ನಾನು. ಇಲ್ಲಿ ಗಿರಿಜಕ್ಕನವರ ದೋಣಿಯಲ್ಲಿ ಕೆಲಸ, ಅವರ ಹಿತ್ತಲಿನ ಕೋಣೆಯಲ್ಲಿ ನನ್ನ, ಹೆಂಡತಿ ನೀಲಮ್ಮನ ಸಂಸಾರ. ಊರಿನಿಂದ ಹೊರಡುವವರೇ, ಕೆಲಸ ಕೊಟ್ಟವರ ಮನೆಯಲ್ಲೇ ಬಾಡಿಗೆಗೆ ಇರಬೇಡಿ. ಒಂದು ಕೆಟ್ಟರೆ ಎರಡೂ ಕೆಡುತ್ತವೆ. ಇಲ್ಲಿನ ಕುಚಲಕ್ಕಿ ಅನ್ನ ರೂಢಿಯಾಗುತ್ತದೆ, ಈ ಹೆದರಿಕೆ ರೂಢಿಯಾಗುವುದಿಲ್ಲ.

ಆದರೂ ನನ್ನ ಬಾಯಿ ಸುಮ್ಮನಿರಲಿಲ್ಲ. ನಮ್ಮಲ್ಲಿ ಮಳೆಗಾಲದ ಹೊಸ ನೀರು ಬಂದಾಗ ಬಲೆಗೆ ಬಿದ್ದ ತತ್ತಿ ಮೀನನ್ನು, ಅಂದರೆ ಮೊಟ್ಟೆ ತುಂಬಿದ ಮೀನನ್ನು, ಸೊನ್ನದ ಬ್ಯಾರೇಜಿನ ಹಿನ್ನೀರಿಗೆ ಬಿಡುವುದು ರೂಢಿ. ಮರಿಗಳು ಅಲ್ಲೇ ಬೆಳೆದು ಅಲ್ಲೇ ಸಿಗುತ್ತವೆ.

“ಅಕ್ಕಾರ, ತತ್ತಿ ಮೀನ ಸಮುದ್ರದಾಗಿನ ಆ ಬಂಡಿಗಲ್ಲ ಹತ್ರ ಬಿಡ್ರಿ, ಅಲ್ಲಿ ಬಲೆ ಹಾಕಬ್ಯಾಡ್ರಿ. ಮುಂದಿನ ವರ್ಸ ಮರಿ ಎಲ್ಲಾ ನಿಮ್ದ. ಗ್ಯಾರಂಟಿ ನಂದ್ರಿ!”

“ನೀವು ಘಟ್ಟದ ಮೇಲಿನವರು ಮಾತಿನಲ್ಲೇ ಮೀನು ಹಿಡೀತೀರಿ ಮಾರಾಯ್ರೆ,” ಎಂದು ಗಿರಿಜಕ್ಕ ನಕ್ಕರು. ಒಪ್ಪಿದರು.

ಮರುವರ್ಷ ಬಂಡೆಯ ಹತ್ತಿರ ಮೂರು ಸಲ ಬಲೆ ಎಳೆದೆವು. ಬಂದದ್ದು ಪಾಚಿ.

“ಹಿನ್ನೀರಿನ ಸಾಹುಕಾರ್ರೇ, ಮರಿ ಎಲ್ಲಿ?” ಎಂದು ಜೊತೆಯವರು ಕಾಡಿದರು.

ಗಿರಿಜಕ್ಕ ನಗಲಿಲ್ಲ. “ಸಮುದ್ರದ ಮೀನಿನ ಮೊಟ್ಟೆ ತೇಲ್ತದೆ. ಮರಿಗೆ ಈಜಲಿಕ್ಕೆ ಕಸು ಬರುವವರೆಗೆ ನೀರು ಎಳೆದ ಕಡೆಗೇ ಹೋಗುವುದು. ಮಳೆಗಾಲದಲ್ಲಿ ನೀರು ತೆಂಕಿಗೆ ಎಳೀತದೆ. ನಿಮ್ಮ ಮರಿ ಕೇರಳದಲ್ಲಿ ಉಂಟೋ ಏನೋ.”

ತೆಂಕು ಎಂದರೆ ದಕ್ಷಿಣ. “ಗೊತ್ತಿದ್ದೂ ಯಾಕ್ ಒಪ್ಪಿದ್ರಿ?”

“ಹೊಟ್ಟೆ ತುಂಬಿದ ಮೀನು ಬಿಡಲಿಕ್ಕೆ ನನಗೂ ಮನಸ್ಸಿತ್ತು. ಒಂದು ವರ್ಷ ಬಂಡೆಯ ಹತ್ತಿರ ಬಲೆ ಹಾಕದೆ ಬಿಟ್ಟದ್ದು ಮಾತ್ರ ನಿಮ್ಮ ಗ್ಯಾರಂಟಿಗೆ.”

“ಕೋಣಿ ಖಾಲಿ ಮಾಡ್ಬೇಕೇನ್ರಿ?”

“ಕೋಣೆಯಲ್ಲಿ ಇರಿ. ದೋಣಿಗೆ ಬೇರೆಯವರಿಗೆ ಹೇಳಿದ್ದೇನೆ.”

ಈಗ ದಕ್ಕೆಯಲ್ಲಿ, ದೋಣಿಗಳು ಮೀನು ಇಳಿಸುವಲ್ಲಿ, ಮೀನು ವಿಂಗಡಿಸುತ್ತೇನೆ. ಬುಟ್ಟಿಗೆ ಬರುವ ಸಣ್ಣ ಮೀನು ಯಾವ ಊರಿನ ತತ್ತಿಯೋ, ಯಾರೂ ಕೇಳುವುದಿಲ್ಲ. ನನ್ನನ್ನು ಮಾತ್ರ ಯಾವ ಊರೆಂದು ದಿನವೂ ಕೇಳುತ್ತಾರೆ.

ಮೊನ್ನೆ ಸೊನ್ನದಿಂದ ತಮ್ಮನ ಫೋನು. “ಅಣ್ಣಾ, ಹೊಸ ನೀರ್ ಬಂದದ. ತತ್ತಿ ಮೀನ ಬಿಡ್ಲ್ಯೋ, ಮಾರ್ಲ್ಯೋ?”

“ಬಿಡು. ನಮ್ಮ ಹಿನ್ನೀರ ಬಿಟ್ಟು ಅವು ಎಲ್ಲಿಗೂ ಹೋಗಂಗಿಲ್ಲ.”

“ನೀ ಬಿಟ್ಟು ಹೋದ್ಯಲ್ಲ,” ಎಂದ ತಮ್ಮ.