ನಾನು ಕುಯ್ದ ಎಳೆಗಳು

ಇದು ಸುಳ್ಳು ಅಂತ ಯಾರಾದರೂ ಅಂದರೆ ನಾನು ಜಗಳಕ್ಕೆ ಬರುವುದಿಲ್ಲ. ಸುಳ್ಳಾಗಿದ್ದರೆ ನನಗೇ ಎಷ್ಟೋ ಒಳ್ಳೆಯದಿತ್ತು.

ಆದರೆ ಇದು ನಡೆದದ್ದು. ಮಾಕಳಿದುರ್ಗದ ಬೆಟ್ಟದ ಬುಡದಲ್ಲಿ, ನಾನು ಕೆಲಸ ಮಾಡುವ ಜಾಗದಲ್ಲೇ. ನಾನು ಎಂಟನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬಣ್ಣ ಕಟ್ಟಿ ಹೇಳಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನಮ್ಮದು ಹೋಂಸ್ಟೇ. ಬೆಟ್ಟ ಹತ್ತಲು ಬರುವವರಿಗೆ ಉಳಿದುಕೊಳ್ಳಲು ಐದು ರೂಮು. ಪಕ್ಕದಲ್ಲಿ ಹೆಂಚಿನ ದೊಡ್ಡ ಹಾಲ್. ಅದರ ಮುಂದೆ ನಮ್ಮ ಓನರ್ ಮೇಡಂ ‘ನಮ್ಮ ಸೀಮೆ ಮ್ಯೂಸಿಯಂ’ ಅಂತ ಬೋರ್ಡ್ ಹಾಕಿಸಿದ್ದಾರೆ. ರಾಗಿ ಬೀಸುವ ಕಲ್ಲು, ಕೂರಿಗೆ, ಹಿತ್ತಾಳೆ ಹಂಡೆ, ತೂಗುದೀಪ... ಸುತ್ತಮುತ್ತಲ ಊರುಗಳ ಹಳೇ ಮನೆಗಳಿಂದ ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು ತಂದವನು ನಾನೇ.

ಒಂದು ದಿನ ದೊಡ್ಡಬಳ್ಳಾಪುರಕ್ಕೆ ಕೈಮಗ್ಗ ತರಲು ಹೋದೆ. ನೇಕಾರರ ಬೀದಿ. ಎಲ್ಲ ಮನೆಯಲ್ಲೂ ಪವರ್‌ಲೂಮಿನ ಸದ್ದು. ಆ ಒಂದು ಮನೆಯಲ್ಲಿ ಮಾತ್ರ ಕುಣಿಮಗ್ಗ. ನೆಲದಲ್ಲಿ ಗುಂಡಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ನೇಯುತ್ತಿದ್ದ ಯಜಮಾನರು ತೀರಿಹೋಗಿದ್ದರು. ಮಗ ರಮೇಶಣ್ಣ ಜಾಗ ಬೇಕು ಅಂತ ಮಗ್ಗವನ್ನು ನಮಗೆ ಮಾರಿದ್ದ. ಮಗ್ಗದ ಮೇಲೆ ನೇರಳೆ ಬಣ್ಣದ ರೇಷ್ಮೆ ಸೀರೆಯೊಂದು ಮುಗಿಯದೆ ನಿಂತಿತ್ತು.

ಅವನ ತಾಯಿ ಸಿದ್ದಮ್ಮಜ್ಜಿ ನನ್ನ ಮುಂದೆ ಬಂದು ನಿಂತರು.

“ಇನ್ನು ಎರಡು ಮೊಳ ಐತೆ ಕಣಪ್ಪಾ. ನಾನೇ ಕೂತು ಮುಗಿಸ್ಬಿಡ್ತೀನಿ. ಎಂಟು ದಿನ ತಡ್ಕೊ.”

“ಆಗಲ್ಲಜ್ಜಿ. ಶನಿವಾರ ಗೆಸ್ಟುಗಳು ಬರ್ತಾವ್ರೆ. ಇವತ್ತೇ ಬೇಕು.”

“ನಮ್ ಯಜಮಾನ್ರು ಊರೋರ್ ಹೆಣ್ಮಕ್ಕಳಿಗೆಲ್ಲ ನೇಯ್ದ್ರು. ನಂಗೇ ಅಂತ ಹೂಡಿದ್ದು ಇದೊಂದೇಯ. ಇದನ್ನ ಉಟ್ಕೊಂಡೇ ಹೋಗ್ಬೇಕು ನಾನು.”

“ಎಲ್ಲಿಗೆ ಹೋಗ್ಬೇಕಜ್ಜಿ?” ಅಂತ ಹಲ್ಲು ಕಿರಿದೆ.

“ಅವ್ರ್ ಹತ್ರಕ್ಕೆ ಕಣ್ಲಾ. ಇನ್ನೆಲ್ಲಿಗೆ, ನಿಮ್ ಬೆಟ್ಟ ಹತ್ತಕ್ಕಾ?”

ನನಗೆ ಹೊತ್ತಾಗುತ್ತಿತ್ತು. ಬಾಯಿಗೆ ಬಂದದ್ದನ್ನು ಹೇಳಿದೆ.

“ಒಂದ್ ಕೆಲ್ಸ ಮಾಡಣಜ್ಜಿ. ಮಗ್ಗಾನ ಇದ್ದಂಗೇ ಅಲ್ಲಿ ಕೂರಿಸ್ತೀನಿ. ಸೋಮವಾರ ನಾನೇ ಗಾಡೀಲಿ ಬಂದು ಕರ್ಕೊಂಡೋಗ್ತೀನಿ. ಅಲ್ಲೇ ಕೂತು ಮುಗಿಸಿ.”

ಅಜ್ಜಿ ಖುಷಿಯಾಗಿಬಿಟ್ಟರು. ಇರು, ಕಾಫಿ ಮಾಡ್ತೀನಿ ಅಂತ ಒಳಗೆ ಹೋದರು. ರಮೇಶಣ್ಣ ಹಾಲು ತರಲು ಅಂಗಡಿಗೆ ಹೋದ.

ಸೀರೆಯ ಉದ್ದದ ಎಳೆಗಳಿಗೆ ಹಾಸು ಅನ್ನುತ್ತಾರೆ. ಅದನ್ನು ಹಿಂದಿನ ಗೋಡೆಯವರೆಗೂ ಎಳೆದು ಕಟ್ಟಿತ್ತು. ಸರಿಯಾಗಿ ಬಿಚ್ಚಿ ಸುತ್ತಿಕೊಳ್ಳಲು ಗೊತ್ತಿರುವವರು ಬೇಕು, ಅರ್ಧ ದಿನ ಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿಯದು? ಜೇಬಲ್ಲಿ ಬ್ಲೇಡ್ ಇತ್ತು.

ಕರ್ರ್... ಅಂತ ಒಂದೇ ಎಳೆತ. ಸಾವಿರಾರು ಎಳೆ ಸತ್ತ ಹಾಗೆ ಜೋತುಬಿದ್ದವು. ಮೇಲೆ ಟಾರ್ಪಾಲು ಮುಚ್ಚಿದೆ. ಆಮೇಲೆ ಆ ಅಜ್ಜಿ ಕೊಟ್ಟ ಕಾಫಿ ಕುಡಿದೆ.

ಮ್ಯೂಸಿಯಂ ನೆಲದಲ್ಲಿ ಗುಂಡಿ ತೋಡಿ ಮಗ್ಗ ಕೂರಿಸಿದ್ದಾಯಿತು. ಕುಯ್ದ ಎಳೆಗಳ ಎರಡೂ ತುಂಡುಗಳನ್ನು ಕಂತೆ ಕಟ್ಟಿ, ಕಾಣದ ಹಾಗೆ ಮೇಲೊಂದು ಬಟ್ಟೆ ಹೊದಿಸಿದೆ. ಗೆಸ್ಟುಗಳು ಅದರ ಮುಂದೆ ಕೂತು ಫೋಟೋ ತೆಗೆಸಿಕೊಂಡರು. ಯಾರಿಗೂ ಗೊತ್ತಾಗಲಿಲ್ಲ.

ಸೋಮವಾರ ನಾನು ಹೋಗಲಿಲ್ಲ. ಕರೆದುಕೊಂಡು ಬಂದರೆ ಅಜ್ಜಿಗೆ ಗೊತ್ತಾಗುತ್ತಿತ್ತಲ್ಲ.

ರಮೇಶಣ್ಣ ಫೋನ್ ಮಾಡಿದ. “ಮಂಜ, ಅಮ್ಮ ಬೆಳಗ್ಗೆಯಿಂದ ಜಗಲಿ ಮೇಲೆ ರೆಡಿಯಾಗಿ ಕೂತವ್ರೆ. ಯಾವಾಗ್ ಬರ್ತೀಯಾ?”

“ನಾಳೆ ಬರ್ತೀನಣ್ಣ.”

ಮಾರನೆಯ ದಿನವೂ ಅದೇ ಹೇಳಿದೆ. ಆಮೇಲೆ ಅವನ ನಂಬರ್ ಬಂದರೆ ಎತ್ತುವುದನ್ನೇ ಬಿಟ್ಟೆ.

ಮೂರು ವಾರ ಕಳೆದು ಸಾಲು ರಜೆ ಬಂತು. ಮೇಡಂ ಕರೆದು ಹೇಳಿದರು. “ಮಂಜ, ಐದೂ ರೂಮು ಫುಲ್ಲು. ನಿನ್ನ ರೂಮನ್ನೂ ಕೊಟ್ಬಿಟ್ಟಿದೀನಿ. ಎರಡು ದಿನ ಮ್ಯೂಸಿಯಮ್ಮಲ್ಲೇ ಮಲ್ಕೊ.”

ಚಾಪೆ ಹಾಸಲು ಜಾಗ ಇದ್ದದ್ದು ಮಗ್ಗದ ಪಕ್ಕದಲ್ಲಿ ಮಾತ್ರ. ಮಲಗಿದೆ.

ಎಷ್ಟು ಹೊತ್ತಾಗಿತ್ತೋ... ಎಚ್ಚರವಾಯಿತು. ಮೊದಲು ಬಂದದ್ದು ವಾಸನೆ. ಆರಿದ ಒಲೆಯ ಬೂದಿ ವಾಸನೆ. ನಮ್ಮಲ್ಲಿ ಎಲ್ಲ ಗ್ಯಾಸು. ಸೌದೆ ಒಲೆಯೇ ಇಲ್ಲ.

ಆಮೇಲೆ ಸದ್ದು.

ಸ್ರ್... ಸ್ರ್...

ಒಣಗಿದ ಬೆರಳುಗಳನ್ನು ಒಂದಕ್ಕೊಂದು ಉಜ್ಜಿದ ಹಾಗೆ. ಒಂದು ಕ್ಷಣ ಸುಮ್ಮನೆ. ಮತ್ತೆ, ಸ್ರ್...

ಇಲಿ ಇರಬೇಕು ಅಂತ ಮೊಬೈಲ್ ಟಾರ್ಚ್ ಬಿಟ್ಟೆ. ಏನೂ ಇಲ್ಲ. ಆರಿಸಿದೆ. ಮತ್ತೆ ಶುರು. ಅಷ್ಟರಲ್ಲಿ ಪಕ್ಕದ ಹಳಿ ಮೇಲೆ ಗೂಡ್ಸ್ ರೈಲು ಬಂತು. ತೂಗುದೀಪಗಳೆಲ್ಲ ಗಿಲಿಗಿಲಿ ಅಂದವು. ರೈಲು ದೂರ ಹೋದ ಮೇಲೂ ಆ ಸದ್ದು ಅಲ್ಲೇ ಇತ್ತು. ಈಗ ನನ್ನ ಕಾಲಿನ ಹತ್ತಿರ...

ನನ್ನ ಮೊಣಕಾಲಿನ ಕೆಳಗೆ ಏನೋ ತುಳಿಯಿತು. ಹಗುರ, ಒಣಕಲು, ತಣ್ಣನೆಯ ಪಾದ. ದಾಟಿಕೊಂಡು ಹೋಗುವಾಗ ಗೊತ್ತಾಗದೆ ತುಳಿದ ಹಾಗೆ. ಬೆಳಗಾಗುವವರೆಗೆ ಕಣ್ಣು ಮುಚ್ಚಿಕೊಂಡು ಬಿದ್ದಿದ್ದೆ.

ಬೆಳಿಗ್ಗೆ ಬಟ್ಟೆ ಎತ್ತಿ ನೋಡಿದೆ. ಎಡಗಡೆಯ ಕಂತೆಗಳು ಬಿಚ್ಚಿದ್ದವು. ನಾಲ್ಕು ಬೆರಳಿನ ಅಗಲ ಎಳೆಗಳು ಸೇರಿದ್ದವು. ಒಂದೊಂದು ಎಳೆಯ ತುದಿಯನ್ನೂ ಇನ್ನೊಂದರ ತುದಿಗೆ ಹೊಸೆದು ಕೂಡಿಸಿತ್ತು. ಇದಕ್ಕೆ ಅಚ್ಚು ಕೆಚ್ಚುವುದು ಅನ್ನುತ್ತಾರೆ. ಬೆರಳು ಜಾರದಿರಲಿ ಅಂತ ಬೂದಿ ಮುಟ್ಟಿಕೊಂಡು ಮಾಡುತ್ತಾರೆ. ಪ್ರತಿ ಎಳೆಯ ಮೇಲೂ ಬೂದಿ ಇತ್ತು.

ಮೇಡಂ ನೋಡಿ ಅಂದರು, “ಯಾರನ್ನ ಕರೆಸಿದ್ಯೋ? ಚೆನ್ನಾಗ್ ಮಾಡಿದಾರೆ.”

ಎರಡನೇ ರಾತ್ರಿಯೂ ಅದೇ ಸದ್ದು. ಬೆಳಗಾಗುವಷ್ಟರಲ್ಲಿ ಅರ್ಧಕ್ಕಿಂತ ಹೆಚ್ಚು ಹಾಸು ಕೂಡಿತ್ತು. ಮನುಷ್ಯರ ಕೈಗೆ ಒಂದು ರಾತ್ರಿಯಲ್ಲಿ ಆಗುವ ಕೆಲಸ ಅಲ್ಲ ಅದು.

ಅಜ್ಜಿ ತೀರಿಹೋಗಿದ್ದಾರೆ ಅಂತಲೇ ಅಂದುಕೊಂಡು ದೊಡ್ಡಬಳ್ಳಾಪುರಕ್ಕೆ ಗಾಡಿ ಬಿಟ್ಟೆ.

ರಮೇಶಣ್ಣ ಬಾಗಿಲಲ್ಲೇ ಸಿಕ್ಕಿದ. “ಈಗ ಬಂದ್ಯೇನಪ್ಪಾ ದೊಡ್ ಮನ್ಷ?”

“ಅಜ್ಜಿ...?”

“ಒಳಗವ್ರೆ. ನಾಲ್ಕು ದಿನ ನಿನ್ ದಾರಿ ಕಾದ್ರು. ಐದ್ನೇ ದಿನ ಯಾರಿಗೂ ಹೇಳ್ದೆ ಬೂದಿ ಡಬ್ಬಿ ಚೀಲಕ್ಕಾಕ್ಕೊಂಡು ಬಸ್ ಸ್ಟ್ಯಾಂಡಿಗೆ ಹೋಗವ್ರೆ. ನಿಮ್ಮೂರ್ ಬಸ್ ಹತ್ತಕ್ಕೆ ಹೋಗಿ ಬಿದ್ದು ಸೊಂಟ ಮುರ್ಕೊಂಡ್ರು. ಅವತ್ತಿಂದ ಮಗ್ಗುಲು ತಿರುಗ್ಸಕ್ಕೂ ಒಬ್ರು ಬೇಕು.”

ಅಜ್ಜಿ ಮಂಚದ ಮೇಲಿದ್ದರು. ಒಂದು ಹಿಡಿಯಷ್ಟಾಗಿದ್ದರು. ಬಲಗೈ ಮಾತ್ರ ಹೊದಿಕೆಯ ಮೇಲೆ ಆಡುತ್ತಿತ್ತು. ಹೆಬ್ಬೆರಳು, ತೋರುಬೆರಳು ಎರಡನ್ನೂ ಉಜ್ಜುತ್ತಿದ್ದರು... ಸ್ರ್... ಸ್ರ್... ಎರಡೂ ಬೆರಳಲ್ಲಿ ಬೂದಿ. ದಿಂಬಿನ ಪಕ್ಕ ಡಬ್ಬಿ.

“ಡಬ್ಬಿ ಕಿತ್ಕೊಂಡ್ರೆ ಅಳ್ತಾರೆ” ಅಂದ ರಮೇಶಣ್ಣ.

“ಅಜ್ಜಿ, ನಾನು ಮಂಜ. ಮಗ್ಗ ತಗೊಂಡೋದೋನು.”

ಅಜ್ಜಿ ನನ್ನ ಕಡೆ ತಿರುಗಿದರು. “ನೀನಾ? ಹಂಗೆ ಅಡ್ಡಕ್ಕೆ ಕಾಲ್ ಚಾಚ್ಕೊಂಡು ಮಲಗ್ತೀಯಲ್ಲೋ. ಮೊನ್ನೆ ತುಳ್ದೇಬಿಟ್ಟೆ. ನೋವಾಯ್ತಾ ಮಗಾ?”

ನಾನು ಕಾಲು ಹಿಂದಕ್ಕೆಳೆದುಕೊಂಡೆ.

“ಮಾತ್ರೆ ಮಂಪರು. ಹಿಂಗೇ ಏನೇನೋ ಅಂತಿರ್ತಾರೆ” ಅಂದ ರಮೇಶಣ್ಣ.

ಅಜ್ಜಿ ನಿಲ್ಲಿಸಲಿಲ್ಲ. “ಅಲ್ಲಪ್ಪಾ, ಹಾಸು ಕಿತ್ತೋಗಿಲ್ಲ. ಒಂದೇ ಸಮಕ್ಕೆ ಕುಯ್ದೈತೆ. ಯಾರು ಕುಯ್ದಿದ್ದು?”

ರಮೇಶಣ್ಣ ನನ್ನ ಮುಖ ನೋಡಿದ. ಆಗಲಾದರೂ ಹೇಳಬಹುದಿತ್ತು.

“ಗೊತ್ತಿಲ್ಲಜ್ಜಿ. ಲೋಡಿಂಗ್ ಹುಡುಗ್ರು ಇರ್ಬೇಕು.”

ಅವತ್ತು ನನ್ನ ಜೊತೆ ಯಾವ ಹುಡುಗರೂ ಇರಲಿಲ್ಲ.

“ಪಾಪ, ಗೊತ್ತಿಲ್ದೆ ಮಾಡವೆ. ಬೈಬ್ಯಾಡ ಅವಕ್ಕೆ. ಇನ್ನೊಂದೀಟೇ ಉಳ್ದಿರೋದು, ಕೆಚ್ಕೊಂಬಿಡ್ತೀನಿ” ಅಂದರು ಅಜ್ಜಿ.

ಅದಕ್ಕಿಂತ ಕೆನ್ನೆಗೆ ಬಾರಿಸಿದ್ದರೆ ಚೆನ್ನಾಗಿತ್ತು.

ಆ ರಾತ್ರಿ ಗೆಸ್ಟುಗಳು ಹೊರಟುಹೋಗಿದ್ದರು. ನನ್ನ ರೂಮು ಖಾಲಿ ಇತ್ತು. ಆದರೂ ಮ್ಯೂಸಿಯಮ್ಮಲ್ಲೇ ಮಲಗಿದೆ, ಕಾಲನ್ನು ಗೋಡೆ ಕಡೆಗೆ ಮಡಚಿಕೊಂಡು. ಉಳಿದಿದ್ದದ್ದು ಬಲಗಡೆಯ ಎರಡು ಕಂತೆ ಎಳೆ.

ಬೂದಿ ವಾಸನೆ ಬಂತು. ಸದ್ದು ಶುರುವಾಯಿತು. ಸ್ರ್... ಸ್ರ್... ಒಂದು ಕಂತೆ ಮುಗಿಯುವವರೆಗೆ ಕೇಳಿಸಿಕೊಂಡು ಬಿದ್ದಿದ್ದೆ. ಆಮೇಲೆ ತಡೆಯಲಾಗಲಿಲ್ಲ. ಕತ್ತಲಿಗೇ ಹೇಳಿದೆ.

“ಅಜ್ಜಿ... ನಾನೇ ಕುಯ್ದಿದ್ದು. ನೀವು ಒಳಗೆ ಕಾಫಿ ಮಾಡ್ತಿದ್ರಲ್ಲ... ಆವಾಗ.”

ಸದ್ದು ನಿಂತಿತು.

ಮತ್ತೆ ಶುರುವಾಗುತ್ತದೆ ಅಂತ ಕಾದೆ. ವಾಸನೆ ಮಾತ್ರ ಬೆಳಗಿನವರೆಗೆ ಅಲ್ಲೇ ಇತ್ತು. ಯಾರೋ ನನ್ನನ್ನು ನೋಡುತ್ತಾ ಕೂತ ಹಾಗೆ.

ಬೆಳಿಗ್ಗೆ ನೋಡಿದರೆ ಒಂದು ಎಳೆಯ ಎರಡು ತುದಿಗಳನ್ನು ಜೋಡಿಸಿ ಇಟ್ಟಿತ್ತು. ಹೊಸೆದಿರಲಿಲ್ಲ.

ಅವತ್ತಿನಿಂದ ಸದ್ದಿಲ್ಲ. ರಮೇಶಣ್ಣನಿಗೆ ಫೋನ್ ಮಾಡಿದೆ. ಅಜ್ಜಿ ಇದ್ದಾರೆ. ಗಂಜಿ ಕುಡಿಯುತ್ತಾರೆ. ಆದರೆ ಬೂದಿ ಡಬ್ಬಿ ಕೇಳುವುದಿಲ್ಲ, ಬೆರಳು ಆಡಿಸುವುದಿಲ್ಲ. ಉಳಿದದ್ದನ್ನು ಬೇರೆ ಯಾರಿಂದಲಾದರೂ ಕೆಚ್ಚಿಸಿ, ನೇಯಿಸಿ ತಂದುಕೊಡುತ್ತೇನೆ ಅಂದೆ.

“ಅಮ್ಮನ್ನ ಕೇಳ್ದೆ. ಬ್ಯಾಡ ಅಂದ್ರು” ಅಂದ. ಅಷ್ಟೇ ಅಂದ.

ಅಜ್ಜಿ ನನ್ನನ್ನು ಕ್ಷಮಿಸಿ ಎದ್ದು ಹೋದರೋ, ನನ್ನ ಮುಖ ನೋಡುವುದೇ ಬೇಡ ಅಂತ ಎದ್ದು ಹೋದರೋ... ಗೊತ್ತಿಲ್ಲ. ಹೋಗಿ ಕೇಳುವ ಧೈರ್ಯ ಇಲ್ಲ.

ನಾನು ಈಗಲೂ ಮ್ಯೂಸಿಯಮ್ಮಲ್ಲೇ ಮಲಗುತ್ತೇನೆ. ಮಲಗುವ ಮುಂಚೆ ಊರಿನ ಯಾರದೋ ಒಲೆಯಿಂದ ತಂದ ಬೂದಿಯನ್ನು ಒಂದು ತೆಂಗಿನ ಚಿಪ್ಪಿನಲ್ಲಿ ತುಂಬಿ, ಮೇಲೆ ಸಮ ಮಾಡಿ, ಮಗ್ಗದ ಪಕ್ಕ ಇಡುತ್ತೇನೆ. ಬೆಳಿಗ್ಗೆ ಎದ್ದ ತಕ್ಷಣ ಬೆರಳಿನ ಗುರುತು ಬಿದ್ದಿದೆಯಾ ಅಂತ ನೋಡುತ್ತೇನೆ.

ಇವತ್ತೂ ಇರಲಿಲ್ಲ.