ಹದ ನೋಡುವ ಆದಮ್ಮ

ಸಿಂಧನೂರಿನ ಆ ಅಕ್ಕಿ ಮಿಲ್ಲಿನಲ್ಲಿ ಇದ್ದ ಯಂತ್ರಗಳೆಲ್ಲ ಅಮರಗುಂಡಪ್ಪ ಸಾಹುಕಾರನವು, ಒಂದನ್ನು ಬಿಟ್ಟು. ಅದು ಆದಮ್ಮನ ಬಾಯಲ್ಲಿತ್ತು. ನಾನು ವೆಂಕೋಬ, ಅಲ್ಲಿ ಹಲ್ಲರ್ ನಡೆಸುತ್ತಿದ್ದವನು. ಹಲ್ಲರ್ ಎಂದರೆ ಭತ್ತದ ಸಿಪ್ಪೆ ಸುಲಿಯುವ ಯಂತ್ರ. ಅದು ಕೆಟ್ಟರೆ ರಾಯಚೂರಿನಿಂದ ಮಿಸ್ತ್ರಿ ಬರುತ್ತಿದ್ದ. ಆದಮ್ಮ ಕೆಟ್ಟರೆ ಯಾರು ಬರಬೇಕೆಂದು ಯಾರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಕೆಲಸ ಹೀಗಿತ್ತು. ಗೊರೇಬಾಳ, ವಳಕಮದಿನ್ನಿ ಕಡೆಯ ಭತ್ತ ಬಂಡಿಗಳಲ್ಲಿ ಬರುತ್ತಿತ್ತು. ಗ್ಯಾನಪ್ಪ ಅದನ್ನು ಸಿಮೆಂಟಿನ ತೊಟ್ಟಿಯಲ್ಲಿ ಎರಡು ದಿನ ನೆನೆಸಿ ಹಬೆಯಲ್ಲಿ ಬೇಯಿಸುತ್ತಿದ್ದ. ಹೆಂಗಸರು ಅದನ್ನು ಕಣದಲ್ಲಿ ಹರವಿ, ಬಿಸಿಲಿನಲ್ಲಿ ಕಾಲಿನಿಂದ ಸಾಲು ಎಳೆದು ಒಣಗಿಸುತ್ತಿದ್ದರು. ಆಮೇಲೆ ನನ್ನ ಹಲ್ಲರ್. ಹಸಿ ಉಳಿದರೆ ಕಾಳು ಅಪ್ಪಚ್ಚಿ, ಹೆಚ್ಚು ಒಣಗಿದರೆ ನುಚ್ಚು. ನಡುವೆ ಇದ್ದ ಹದ ಒಂದು ಗಳಿಗೆಯದು. ಅದನ್ನು ಅಳೆಯುವ ಸಾಮಾನು ನಮ್ಮಲ್ಲಿ ಇರಲಿಲ್ಲ. ಹದ ನೋಡುವ ಹೆಂಗಸು ನಾಲ್ಕು ಕಾಳು ದವಡೆಗೆ ಇಟ್ಟು ಕಚ್ಚಬೇಕು, ಕಾಳು ಒಡೆಯುವ ಸದ್ದಿನಲ್ಲೇ ಹೇಳಬೇಕು. ಅವಳು "ಬಳೀರಿ" ಎಂದಾಗ ಉಳಿದವರು ಕಾಳನ್ನು ಪೊರಕೆಯಿಂದ ಬಳಿದು ಗುಡ್ಡೆ ಹಾಕಬೇಕು.

ಆದಮ್ಮ ಗಂಡ ತೀರಿದ ಮೇಲೆ ಲಿಂಗಸುಗೂರು ಕಡೆಯಿಂದ ಬಂದವಳು. ಆಗ ಇದೇ ಶೆಡ್ಡಿನಲ್ಲಿ ಹತ್ತಿಯಿಂದ ಬೀಜ ಬಿಡಿಸುವ ಜಿನ್ನು ಇತ್ತು, ಅವಳು ಹತ್ತಿಯೊಳಗಿನ ಕಸ ಆರಿಸುತ್ತಿದ್ದಳು. ಕಾಲುವೆಗೆ ನೀರು ಬಂತು, ಹತ್ತಿ ಹೊಲಗಳು ಗದ್ದೆಯಾದವು, ಜಿನ್ನು ಮಿಲ್ಲಾಯಿತು. ಜೋಳ ತಿಂದು ಬೆಳೆದ ಈ ಹೆಂಗಸು ಭತ್ತದ ಹದ ಕಲಿತಳು. ಅನ್ನ ಮಾತ್ರ ಅವಳಿಗೆ ಕೊನೆಯವರೆಗೂ ಸೇರಲಿಲ್ಲ. ಹದ ನೋಡುವವಳಿಗೆ ಕಣದ ಅಂಚಿನ ಬೇವಿನ ನೆರಳಿನಲ್ಲಿ ಕೂರುವ ಹಕ್ಕಿತ್ತು. ಅರವತ್ತು ದಾಟಿದ ಮಂಡಿಗಳಿಗೆ ಆ ನೆರಳೇ ಎಲ್ಲ. ಅದು ಹೋದರೆ ಬಿಸಿಲಿನಲ್ಲಿ ಸಾಲು ಎಳೆಯಬೇಕು, ಆಗದಿದ್ದರೆ ಮನೆಗೆ ಹೋಗಬೇಕು. ಅವಳಿಗೆ ಮನೆ ಎಂಬುದೇ ಮಿಲ್ಲಿನ ಹಿಂದಿನ ಗುಡಿಸಲು.

ಅರವತ್ತೆಂಟನೆಯ ಇಸವಿಯ ದೀಪಾವಳಿಗೆ ಅವಳ ಕೊನೆಯ ದವಡೆ ಹಲ್ಲು ಬಿತ್ತು. ಯಾರಿಗೂ ಹೇಳಲಿಲ್ಲ. ಕಾಳು ಬಾಯಿಗೆ ಹಾಕುವುದು, ದವಡೆ ಆಡಿಸುವುದು, ಉಗುಳುವುದು, ಎಲ್ಲ ಮೊದಲಿನಂತೆಯೇ. ನಿಜವಾಗಿ ಹದ ನೋಡುತ್ತಿದ್ದುದು ಕಾಳಿನ ಬಿಸಿ ಹಿಡಿಯುವ ಅಂಗೈ. ಇದು ನನಗೆ ಆಮೇಲೆ ಗೊತ್ತಾಯಿತು. ಒಂದು ತಿಂಗಳು ಅಂಗೈ ಅವಳನ್ನು ಕಾಪಾಡಿತು. ಆಮೇಲೆ ಒಣ ಮೂಡಗಾಳಿ ಬೀಸಿತು. ಆ ಗಾಳಿಗೆ ಕಾಳಿನ ಮೈ ತಣ್ಣಗೇ ಇರುತ್ತದೆ, ಒಳಗೆ ಬಿರಿದಿರುತ್ತದೆ. ಅದು ಹಲ್ಲಿಗೆ ಮಾತ್ರ ತಿಳಿಯುವ ವಿಷಯ.

ಅಂದು ಹಲ್ಲರಿನಿಂದ ನುಚ್ಚು ಸುರಿಯಿತು. ಮೊದಲ ಚೀಲಕ್ಕೇ ನನಗೆ ಗೊತ್ತಾಯಿತು. ಆದರೆ ಎಂಜಿನ್ ನಿಲ್ಲಿಸಲು ಸಾಹುಕಾರನ ಅಪ್ಪಣೆ ಬೇಕು, ಸಾಹುಕಾರ ಮಸ್ಕಿಗೆ ಹೋಗಿದ್ದ. ಅವನು ಬರುವ ಹೊತ್ತಿಗೆ ಮೂವತ್ತು ಚೀಲ ಮುಗಿದಿತ್ತು.

ಕಣದ ಅರ್ಧ ಆದಮ್ಮನದು, ಇನ್ನರ್ಧ ಜೈನಾಬೀಯದು. ಜೈನಾಬೀ ಹದ ನೋಡಲು ಬಂದು ಎರಡು ವರ್ಷವಾಗಿತ್ತು, ಅದನ್ನು ಅವಳಿಗೆ ಕಲಿಸಿದವಳು ಆದಮ್ಮನೇ. ಹಮಾಲರು ಎರಡೂ ಕಡೆಯ ಚೀಲಗಳನ್ನು ಒಂದರ ಮೇಲೊಂದು ಒಟ್ಟಿ ಒಂದೇ ಥಪ್ಪಿ ಹಾಕಿದ್ದರು.

"ಇದು ಯಾರ ಮಾಲು?" ಎಂದು ಸಾಹುಕಾರ ಕೇಳಿದ.

"ನಂದು ಹದಕ್ಕ ಬಂದಿತ್ರಿ. ಕಡಿದು ನೋಡೀನಿ," ಎಂದಳು ಜೈನಾಬೀ.

"ಆದಮ್ಮ, ನೀ ಏನಂತಿ?"

ಆದಮ್ಮ ಸೆರಗು ಬಾಯಿಗೆ ಹಿಡಿದು ನಿಂತಳು.

"ಹತ್ತು ವರ್ಷದಾಗ ಈಕಿ ಒಮ್ಮಿನೂ ತಪ್ಪಿಲ್ಲ," ಎಂದ ಸಾಹುಕಾರ. "ಜೈನಾಬೀ, ನೀ ನಾಳಿಂದ ಬರಬ್ಯಾಡ."

"ಅಕ್ಕಾ, ನೀನಾದ್ರೂ ಹೇಳು," ಎಂದಳು ಜೈನಾಬೀ. ಆದಮ್ಮ ನೆಲ ನೋಡಿದಳು. ಜೈನಾಬೀ ತನ್ನ ಬುತ್ತಿ ಎತ್ತಿಕೊಂಡು ಹೋದಳು. ನನಗೆ ಆದಮ್ಮನ ಮೇಲೆ ಸಿಟ್ಟು ಬಂತು. ಒಂದು ಮಾತು ಆಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದುಕೊಂಡೆ.

ಮರುದಿನ ಇಡೀ ಕಣ ಆದಮ್ಮನ ಪಾಲಿಗೆ ಬಂತು. "ನನಗ ಒಬ್ಬಾಕಿಗೆ ಆಗಂಗಿಲ್ರಿ ಸಾವ್ಕಾರ್ರ," ಎಂದು ಅವಳು ಎರಡು ಸಲ ಹೇಳಿದಳು. ಅವನು ಕೇಳಲಿಲ್ಲ. ಮೂಡಗಾಳಿ ಇನ್ನೂ ಬೀಸುತ್ತಿತ್ತು. ಹೆಂಗಸರು ಪೊರಕೆ ಹಿಡಿದು ಅವಳ ಬಾಯಿ ನೋಡುತ್ತಾ ನಿಂತರು. ಅವಳು ಕಾಳು ಹಾಕಿಕೊಂಡು ದವಡೆ ಆಡಿಸಿದಳು, "ಬಳೀರಿ" ಎಂದಳು.

ಮತ್ತೆ ನುಚ್ಚು. ಈ ಸಲ ದೂರಲು ಜೈನಾಬೀ ಇರಲಿಲ್ಲ. ಸಾಹುಕಾರ ನನ್ನ ಕಡೆ ತಿರುಗಿದ.

"ಆದಮ್ಮನ ಹಲ್ಲು ತಪ್ಪಂಗಿಲ್ಲ. ವೆಂಕೋಬ, ಬ್ಲೇಡು ಬಿಗಿ ಮಾಡೀಯೇನು?"

ಹಲ್ಲರಿನ ಬ್ಲೇಡು ಬಿಗಿಯಾದರೂ ಕಾಳು ನುಚ್ಚಾಗುತ್ತದೆ. ನಾನು ಬಿಗಿ ಮಾಡಿರಲಿಲ್ಲ. ಆದರೆ ಮನೆಯಲ್ಲಿ ನಾಲ್ಕು ಬಾಯಿಗಳಿದ್ದವು. ನಿನ್ನೆ ಆದಮ್ಮನ ಮೇಲೆ ಸಿಟ್ಟಾಗಿದ್ದ ನನ್ನ ಬಾಯಿಂದ ಬಂದ ಮಾತು ಇದು: "ಬ್ಲೇಡು ಸರಿ ಐತ್ರಿ. ಭತ್ತಾನ ಸರಿ ನೆನದಿಲ್ಲೇನೋ."

ಅಷ್ಟೇ ಸಾಕಾಯಿತು, ಸಾಹುಕಾರ ಗ್ಯಾನಪ್ಪನನ್ನು ಕೆಲಸದಿಂದ ತೆಗೆದ. ಗ್ಯಾನಪ್ಪ ತೊಟ್ಟಿಯ ಬಳಿ ಇದ್ದ, ಅಕ್ಕಿಯ ಮುಖವನ್ನು ಅವನು ಎಂದೂ ನೋಡಿದವನಲ್ಲ. ತನ್ನ ತಪ್ಪೇನು ಎಂದು ಕೇಳಲೂ ಅವನಿಗೆ ಬರಲಿಲ್ಲ. ಮಿಲ್ಲು ನಡೆಯುವುದೇ ಹೀಗೆ. ಒಬ್ಬನ ಕೈಯಿಂದ ಹೊರಟದ್ದು ಇನ್ನೊಬ್ಬನ ಕೈಗೆ ಬರುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ತಪ್ಪು ಹುಟ್ಟಿದ ಜಾಗ ಯಾರಿಗೂ ಕಾಣುವುದಿಲ್ಲ, ಕೊನೆಗೆ ಅದು ಬಾಯಿಲ್ಲದವನ ತಲೆಗೆ ಬಂದು ಕೂರುತ್ತದೆ. ನಾನು ನೀಚ ಕೆಲಸ ಮಾಡಿದೆ. ಇದಕ್ಕೆ ಬೇರೆ ಹೆಸರಿಲ್ಲ.

ಗ್ಯಾನಪ್ಪ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಗೇಟು ದಾಟುವುದನ್ನು ಆದಮ್ಮ ನೆರಳಿನಲ್ಲಿ ಕೂತು ನೋಡಿದಳು. ಆಮೇಲೆ ಎದ್ದಳು. ಮಂಡಿ ಹಿಡಿದುಕೊಂಡು ಕಣದ ಉದ್ದಕ್ಕೂ ನಡೆದು ನಾವು ನಿಂತಲ್ಲಿಗೆ ಬಂದಳು, ಸಾಹುಕಾರನ ಮುಂದೆ ಬಾಯಿ ತೆರೆದಳು. ಒಳಗೆ ಬರೀ ವಸಡು.

"ಜೈನಾಂದು ತಪ್ಪಿಲ್ರಿ. ಗ್ಯಾನಪ್ಪಂದೂ ಇಲ್ಲ. ಎರಡು ದಿನದ್ದೂ ನಂದ. ಅವರನ್ನ ಕರಸ್ರಿ, ನಾ ಹೋಗ್ತೀನಿ."

ಸಾಹುಕಾರ ಬಗ್ಗಿ ಆ ಬಾಯಿಯನ್ನು ನೋಡಿದ. ಹೊರಗೆ ಲಾರಿಯವನು ಹಾರ್ನ್ ಹಾಕುತ್ತಿದ್ದ. ಸಾಹುಕಾರ ಸುತ್ತ ಕಣ್ಣಾಡಿಸಿದ. ಹೆಂಗಸರು ದೂರದಲ್ಲಿದ್ದರು, ಹತ್ತಿರ ನಾನೊಬ್ಬನೇ.

"ಈಗ ಅವರನ್ನ ಕರದ್ರ ನಾ ಸುಮ್ಮಸುಮ್ಮನ ತೆಗದೆ ಅಂತ ಊರೆಲ್ಲ ಆಡ್ಕೋತದ," ಎಂದು ಮೆಲ್ಲಗೆ ಹೇಳಿದ. "ಅಕ್ಕಿಗೆ ಬರ ಐತಿ, ನುಚ್ಚೂ ಹೋಗ್ತದ. ನೀ ಬಾಯಿ ಮುಚ್ಚು. ಹೋಗಿ ನಿನ್ನ ಜಾಗದಾಗ ಕೂಡು."

ಆದಮ್ಮ ನನ್ನ ಕಡೆ ನೋಡಿದಳು. ನಾನು ಹೋಗಿ ಎಂಜಿನ್ ಚಾಲು ಮಾಡಿದೆ. ಅವಳು ಮತ್ತೆ ಮೂರು ವರ್ಷ ಅದೇ ನೆರಳಿನಲ್ಲಿ ಕೂತು, ದಿನಾ ಕಾಳು ಬಾಯಿಗೆ ಹಾಕಿ ಉಗುಳುತ್ತಾ "ಬಳೀರಿ" ಎಂದಳು.