ಹೆಂಡದಂಗಡಿ ಕೇಳಿದ್ದು

ಹುಮನಾಬಾದಿನ ಗೆಳೆಯನೊಬ್ಬ ನಮಗಾಗಿ ಆಟವೊಂದನ್ನು ಹೂಡಿದ್ದ. ಬಸವಕಲ್ಯಾಣದ ಹಳೆಯ ಹೆಂಡದಂಗಡಿಗಳ ಗೋಡೆಗೆ ಹಿಂದಿನ ದಿನವೇ ಚೀಟಿ ಅಂಟಿಸಿ ಬಂದಿದ್ದ. ಒಂದನ್ನು ಓದಿ ಮುಂದಿನದನ್ನು ಹುಡುಕಬೇಕು. ಕೊನೆಯದೊಂದು ಉಳಿದಿತ್ತು, ಎದುರಾಳಿ ತಂಡ ಹಿಂದಿನ ಓಣಿಯವರೆಗೆ ಬಂದಿತ್ತು. ಮೈಸೂರಿನವಳಾದ ನಾನು ಅವಸರದಲ್ಲಿ ಅಜ್ಜಿಯೊಬ್ಬರನ್ನು ಕೇಳಿದೆ: "ಇಲ್ಲಿ ಹಳೇ ಹೆಂಡದಂಗಡಿ ಎಲ್ಲಿದೆ?"

"ಹೆಂಡಿ ಅಂಗಡಿ ಯಾರ ಇಡ್ತಾರ ಯವ್ವಾ? ಕುಳ್ಳ ಬೇಕಂದ್ರ ನಮ್ಮಲ್ಲೇ ಅದಾವ, ಬಾ."

ಕೈಹಿಡಿದು ಕರೆದೊಯ್ದರು. ಗೋಡೆ ತುಂಬ ತಟ್ಟಿದ್ದ ಕುಳ್ಳು, ಅಂದರೆ ನಮ್ಮ ಬೆರಣಿ, ಕಂಡಾಗಲೇ, ಈ ಕಡೆ ಹೆಂಡಿಯೆಂದರೆ ಸೆಗಣಿ ಎಂಬುದು ನನಗೆ ಹೊಳೆದದ್ದು. ನಾಚುತ್ತಲೇ ಹೆಬ್ಬೆರಳನ್ನು ಬಾಯಿಗೆತ್ತಿ, ಕುಡಿಯುವಂತೆ ತೋರಿಸಿದೆ.

"ಸಿಂದಿ ಖಾನಾ ಅನ್ನಬಾರದೇನವ್ವ!" ಅಜ್ಜಿ ಬಿದ್ದು ಬಿದ್ದು ನಕ್ಕರು. "ಇದ ನೋಡು ಅದರ ಗ್ವಾಡಿ. ಬಂದ್ ಆಗಿ ಭಾಳ ವರ್ಷ ಆತು."

"ಇದಕ್ಕೊಂದು ಚೀಟಿ ಅಂಟಿಸಿದ್ದರಲ್ಲ ಅಜ್ಜಿ?"

ಅವರ ನಗು ನಿಂತಿತು. ಗೋಡೆಯನ್ನೊಮ್ಮೆ ದಿಟ್ಟಿಸಿ, ಅರೆ ಒಣಗಿದ ಕುಳ್ಳೊಂದನ್ನು ಮೆಲ್ಲಗೆ ಕಿತ್ತು ತಿರುವಿದರು. ಚೀಟಿ ಅದರ ಬೆನ್ನಿಗೆ ಅಂಟಿಕೊಂಡಿತ್ತು. ಬಿಡಿಸಿ ನೋಡಿದರೆ, ಗೆಳೆಯನ ಕೈಬರಹ ಇನ್ನೂ ಓದುವಂತಿತ್ತು:

"ವಾಸನಿ ಹಿಡಕೊಂಡ ಬಂದ್ರಿ ಹೌದಿಲ್ಲೋ? ಶಾಬಾಸ್!"